ಕಸ್ಟಮ್ ಬೈಕಿನ ವೈರಿಂಗ್ ಸರಳಗೊಳಿಸುವಾಗ ಯಾವುದನ್ನು ತೆಗೆಯಬಹುದು, ಯಾವುದನ್ನು ಉಳಿಸಿಕೊಳ್ಳಲೇಬೇಕು?

ಕಬ್ಬಿಣದ ಕುದುರೆ

ಎಲ್ಲರಿಗೂ ನಮಸ್ಕಾರ. ಕಾರ್ಬ್ಯುರೇಟರ್ ಮತ್ತು ಸೆಲ್ಫ್ ಸ್ಟಾರ್ಟ್ ಇರುವ, ಎರಡು ಸಿಲಿಂಡರಿನ ಹಳೆಯ ಬೈಕೊಂದನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುತ್ತಿದ್ದೇನೆ. ಚಾಸಿಯ ಹಿಂಭಾಗವನ್ನು ಮೊಟಕುಗೊಳಿಸಿ ಒಂಟಿ ಸೀಟು ಕೂರಿಸಿದ್ದಾಗಿದೆ. ಪಕ್ಕದ ಕವರುಗಳನ್ನು ಮತ್ತೆ ಹಾಕುವ ಯೋಚನೆ ಇಲ್ಲದ ಕಾರಣ, ಅವುಗಳ ಹಿಂದೆ ಅಡಗಿದ್ದ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ನಡೆಸುವ ಸ್ವಿಚ್), ಕಪ್ಲರ್ (ವೈರುಗಳನ್ನು ಸೇರಿಸುವ ಪ್ಲಗ್ಗು) ಮತ್ತು ವೈರಿನ ಕಟ್ಟುಗಳೆಲ್ಲ ಈಗ ಕಣ್ಣಿಗೆ ರಾಚುತ್ತಿವೆ. ಹಿಂದೆ ಈ ಬೈಕನ್ನು ಇಟ್ಟುಕೊಂಡಿದ್ದವರು ಅಲ್ಲಲ್ಲಿ ಕತ್ತರಿಸಿ, ತಿರುಚಿ, ಟೇಪು ಸುತ್ತಿದ್ದಾರೆ. ಟೇಪು ಬಿಚ್ಚಿ ನೋಡಿದರೆ ಒಳಗಿನ ತಾಮ್ರ ಹಸಿರುಗಟ್ಟಿದೆ. ಆದ್ದರಿಂದ ತೇಪೆ ಹಾಕುವ ಬದಲು ಎಲ್ಲವನ್ನೂ ಕಿತ್ತು ಹೊಸ ವೈರು ಎಳೆಯುವುದೇ ಸರಿಯೆಂದು ತೀರ್ಮಾನಿಸಿದ್ದೇನೆ.

ವೈರುಗಳು ಆದಷ್ಟು ಕಡಿಮೆ ಇರಬೇಕೆಂಬುದು ನನ್ನ ಆಸೆ. ಸೈಡ್ ಸ್ಟ್ಯಾಂಡ್ ಸ್ವಿಚ್ ಮತ್ತು ಕ್ಲಚ್ ಸ್ವಿಚ್ಚುಗಳನ್ನು ತೆಗೆದುಹಾಕಬಹುದೇ? ಇಡೀ ಬೈಕಿಗೆ ಒಂದೇ ಫ್ಯೂಸ್ ಸಾಲುತ್ತದೆಯೇ? ಬ್ಯಾಟರಿಯನ್ನೇ ತೆಗೆದು ಆ ಜಾಗದಲ್ಲಿ ಕೆಪಾಸಿಟರ್ (ಸ್ವಲ್ಪ ಕರೆಂಟನ್ನು ಮಾತ್ರ ಹಿಡಿದಿಡುವ ಭಾಗ) ಹಾಕಿದವರೂ ಇದ್ದಾರಂತೆ, ಅದು ನನ್ನ ಬೈಕಿಗೆ ಒಗ್ಗುತ್ತದೆಯೇ? ತಿಳಿದವರು ದಯವಿಟ್ಟು ಹೇಳಿ.

ಹಳೆಯ ಗ್ಯಾರೇಜು

ಕೊನೆಯ ಪ್ರಶ್ನೆಗೆ ಉತ್ತರ ಸುಲಭ: ಒಗ್ಗುವುದಿಲ್ಲ. ಸೆಲ್ಫ್ ಮೋಟಾರು ತಿರುಗುವ ಗಳಿಗೆಯಲ್ಲಿ ಸುಮಾರು 100 ಆಂಪಿಯರ್ ಎಳೆಯುತ್ತದೆ, ಅಷ್ಟನ್ನು ಕೊಡುವ ಶಕ್ತಿ ಆ ಕೆಪಾಸಿಟರಿಗೆ ಇಲ್ಲ. ಕೆಪಾಸಿಟರ್ ಪದ್ಧತಿ ಕಿಕ್ಕರ್ ಇರುವ ಸರಳ ಬೈಕುಗಳಿಗೆ ಮಾತ್ರ ಹೊಂದುತ್ತದೆ. ಅಲ್ಲಿಯೂ ಎಂಜಿನ್ ನಿಧಾನವಾಗಿ ಓಡುವಾಗ ಹೆಡ್‌ಲೈಟು ಮಂಕಾಗುತ್ತದೆ, ಎಂಜಿನ್ ನಿಂತರೆ ದೀಪವೂ ಆರಿಹೋಗುತ್ತದೆ. ಕತ್ತಲಲ್ಲಿ ರಸ್ತೆಯ ನಡುವೆ ಎಂಜಿನ್ ನಿಂತಾಗ ಹಿಂದಿನಿಂದ ಬರುವವರಿಗೆ ನಿಮ್ಮ ಬೈಕು ಕಾಣಬೇಕಲ್ಲವೇ?

ತಾಮ್ರತಂತಿ

ವೈರುಗಳ ಲೆಕ್ಕವನ್ನು ಗುರಿಯಾಗಿ ಇಟ್ಟುಕೊಳ್ಳಬೇಡಿ ಸರ್. ಪ್ರತಿಯೊಂದು ವೈರು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ, ಅದನ್ನು ಯಾವ ಫ್ಯೂಸ್ ಕಾಯುತ್ತದೆ ಎಂದು ಕಾಗದ ನೋಡಿ ಕ್ಷಣದಲ್ಲಿ ಹೇಳುವಂತಿದ್ದರೆ ಆ ವೈರಿಂಗ್ ಸರಳವಾಗಿದೆ ಎಂದರ್ಥ. ಕಡಿಮೆ ಮಾಡಬೇಕಾದದ್ದು ಜೋಡಣೆಗಳನ್ನು. ವೈರಿನ ನಡುಭಾಗ ಕೆಡುವುದು ಅಪರೂಪ, ಕೆಡುವುದೆಲ್ಲ ಎರಡು ತುದಿಗಳು ಸೇರುವ ಜಾಗದಲ್ಲಿ ಮತ್ತು ವೈರು ಏನನ್ನಾದರೂ ಉಜ್ಜುವ ಜಾಗದಲ್ಲಿ. ಚಿಕ್ಕದಾಗಿ ಕಾಣಲೆಂದು ವೈರನ್ನು ಕತ್ತರಿಸಿ ನಾಲ್ಕು ಕಡೆ ಜೋಡಿಸುವುದಕ್ಕಿಂತ ಒಂದೇ ಉದ್ದನೆಯ ವೈರನ್ನು ತುದಿಯಿಂದ ತುದಿಗೆ ಎಳೆಯುವುದು ಎಷ್ಟೋ ಮೇಲು.

ಹಳೆಯ ವೈರಿಂಗನ್ನು ಕಿತ್ತು ಎಸೆಯುವ ಮೊದಲು ಅದನ್ನು ನೆಲದ ಮೇಲೆ ಹರಡಿ, ಪ್ರತಿ ತುದಿಗೂ ಚೀಟಿ ಕಟ್ಟಿ, ಫೋಟೋ ತೆಗೆದಿಟ್ಟುಕೊಳ್ಳಿ. ಅನಂತರ ಹೊಸ ನಕ್ಷೆ ಬರೆಯಿರಿ. ನಿಮ್ಮಂಥ ಬೈಕಿಗೆ ಇಗ್ನಿಷನ್ನಿಗೆ ಒಂದು ಸರ್ಕಿಟ್, ಹೆಡ್‌ಲೈಟ್ ಮತ್ತು ಹಿಂದಿನ ದೀಪಕ್ಕೆ ಒಂದು, ಬ್ರೇಕ್ ಲೈಟ್, ಇಂಡಿಕೇಟರ್ ಮತ್ತು ಹಾರನ್ನಿಗೆ ಇನ್ನೊಂದು ಇದ್ದರೆ ಸಾಕು. ಮೂರಕ್ಕೂ ಮೇಲೆ ಬ್ಯಾಟರಿಯ ಪಕ್ಕದಲ್ಲೇ ಒಂದು ಮುಖ್ಯ ಫ್ಯೂಸ್ ಇರಲಿ. ಬ್ಯಾಟರಿಯಿಂದ ಆ ಫ್ಯೂಸಿನವರೆಗಿನ ತುಂಡಿಗೆ ಯಾವ ರಕ್ಷಣೆಯೂ ಇರುವುದಿಲ್ಲವಾದ್ದರಿಂದ ಅದು ಎಷ್ಟು ಗಿಡ್ಡವಾಗಿದ್ದರೆ ಅಷ್ಟು ಒಳ್ಳೆಯದು.

ನಿಧಾನ ಸವಾರ

ಇದಕ್ಕೆ ನನ್ನ ಸಂಪೂರ್ಣ ಒಪ್ಪಿಗೆ ಇಲ್ಲ. ಹಳೆಯ ಕಾಲದ ಎಷ್ಟೋ ಬೈಕುಗಳು ಒಂದೇ ಒಂದು ಫ್ಯೂಸ್ ಇಟ್ಟುಕೊಂಡು ದಶಕಗಟ್ಟಲೆ ಓಡಿವೆ. ಜೋಡಣೆ ಕಡಿಮೆ ಮಾಡಿ ಎಂದು ನೀವೇ ಹೇಳುತ್ತೀರಿ, ಆದರೆ ಪ್ರತಿ ಫ್ಯೂಸಿಗೂ ಎರಡು ಜೋಡಣೆಗಳು ಸೇರಿಕೊಳ್ಳುತ್ತವೆ. 20 ಆಂಪಿಯರಿನ ಒಂದು ಫ್ಯೂಸ್ ಹಾಕಿ ಸುಮ್ಮನಿರುವುದರಲ್ಲಿ ತಪ್ಪೇನಿದೆ?

ತಾಮ್ರತಂತಿ

ಆ ಬೈಕುಗಳು ಓಡಿದ್ದು ನಿಜ. ಆದರೆ ಫ್ಯೂಸ್ ಇರುವುದು ಬಲ್ಬನ್ನು ಕಾಪಾಡಲು ಅಲ್ಲ, ವೈರನ್ನು ಕಾಪಾಡಲು. ಇಂಡಿಕೇಟರಿಗೆ ಸಾಮಾನ್ಯವಾಗಿ 0.5 ಚದರ ಮಿಲಿಮೀಟರಿನ ಸಣ್ಣ ವೈರು ಹಾಕುತ್ತೇವೆ. ಅದು ಎಲ್ಲೋ ಉಜ್ಜಿ ಚಾಸಿಗೆ ಅರೆಬರೆ ತಗುಲಿ 18 ಆಂಪಿಯರ್ ಹರಿಯತೊಡಗಿತು ಎನ್ನಿ. 20 ಆಂಪಿಯರಿನ ಫ್ಯೂಸ್ ಅದನ್ನು ತಪ್ಪೆಂದು ಭಾವಿಸುವುದೇ ಇಲ್ಲ. ಫ್ಯೂಸ್ ಹಾಗೇ ಇರುತ್ತದೆ, ಟ್ಯಾಂಕಿನ ಕೆಳಗೆ ಆ ವೈರಿನ ಜೊತೆ ಕಟ್ಟಿದ ಎಲ್ಲ ವೈರುಗಳೂ ಕರಗಿ ಅಂಟಿಕೊಳ್ಳುತ್ತವೆ. ಪೆಟ್ರೋಲ್ ತುಂಬಿದ ಟ್ಯಾಂಕಿನ ಕೆಳಗೆ ಇಂಥದ್ದು ನಡೆಯಬಾರದು.

ಇನ್ನೊಂದು ಮಾತು. ಒಂದೇ ಫ್ಯೂಸ್ ಇದ್ದಾಗ ಹಾರನ್ನಿನ ವೈರು ಶಾರ್ಟ್ ಆದರೂ ಇಗ್ನಿಷನ್ ಮತ್ತು ಹೆಡ್‌ಲೈಟ್ ಎರಡೂ ಒಟ್ಟಿಗೆ ಹೋಗುತ್ತವೆ. ತಿರುವಿನಲ್ಲಿ ವೇಗವಾಗಿ ಸಾಗುವಾಗ ಹೀಗಾದರೆ ಸವಾರನಿಗೆ ಕಣ್ಣು ಕಟ್ಟಿದಂತಾಗುತ್ತದೆ. ಆ ಒಂದು ಕಾರಣಕ್ಕಾಗಿ ಇಗ್ನಿಷನ್ನನ್ನೂ ದೀಪವನ್ನೂ ಬೇರೆಬೇರೆ ಫ್ಯೂಸಿನಲ್ಲಿ ಇಡಬೇಕೆಂದು ನಾನು ಹಟ ಹಿಡಿಯುತ್ತೇನೆ.

ರಾತ್ರಿ ಪಯಣಿಗ

ಲೆಕ್ಕವನ್ನು ನಾನು ಮುಂದುವರಿಸುತ್ತೇನೆ. ಹೆಡ್‌ಲೈಟಿನ 55 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ ಸುಮಾರು 4.6 ಆಂಪಿಯರ್, 21 ವ್ಯಾಟಿನ ಬ್ರೇಕ್ ಲೈಟು 1.75 ಆಂಪಿಯರ್, ಒಂದು ಬದಿಯ ಎರಡು ಇಂಡಿಕೇಟರುಗಳು ಸೇರಿ 3.5 ಆಂಪಿಯರ್ ಎಳೆಯುತ್ತವೆ. ಸದಾ ಉರಿಯುವ ಹೊರೆ ಫ್ಯೂಸಿನ ಅಳತೆಯ ಮುಕ್ಕಾಲು ಭಾಗವನ್ನು ಮೀರದಂತೆ ನೋಡಿಕೊಂಡರೆ ದೀಪಕ್ಕೆ 10 ಆಂಪಿಯರಿನ ಫ್ಯೂಸ್ ಸರಿಹೋಗುತ್ತದೆ. ಇಗ್ನಿಷನ್ನಿಗೂ 10 ಸಾಕು.

ಹೆಡ್‌ಲೈಟಿಗೆ ರಿಲೇ ಹಾಕುವುದನ್ನು ಮಾತ್ರ ಬಿಡಬೇಡಿ. ರಿಲೇ ಇಲ್ಲದಿದ್ದರೆ ಆ ಐದು ಆಂಪಿಯರ್ ಬ್ಯಾಟರಿಯಿಂದ ಕೀ ಸ್ವಿಚ್ಚಿಗೆ, ಅಲ್ಲಿಂದ ಹ್ಯಾಂಡಲ್ ಸ್ವಿಚ್ಚಿಗೆ, ಅಲ್ಲಿಂದ ದೀಪಕ್ಕೆ ಸುತ್ತಿ ಬರಬೇಕಾಗುತ್ತದೆ, ದಾರಿಯುದ್ದಕ್ಕೂ ವೋಲ್ಟೇಜ್ ಸೋರುತ್ತದೆ. ಹ್ಯಾಲೊಜನ್ ಬಲ್ಬಿಗೆ ಸಿಗುವ ವೋಲ್ಟೇಜ್ ನೂರಕ್ಕೆ ಹತ್ತರಷ್ಟು ಕುಸಿದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ರಿಲೇ ಹಾಕಿದಾಗ ಹ್ಯಾಂಡಲ್ ಸ್ವಿಚ್ಚಿನಲ್ಲಿ ಹರಿಯುವುದು ರಿಲೇಯೊಳಗಿನ ಕಾಯಿಲಿಗೆ ಬೇಕಾದ 0.2 ಆಂಪಿಯರಿನ ಆಸುಪಾಸು ಮಾತ್ರ. ರಿಲೇಯ ಪಿನ್ನುಗಳಲ್ಲಿ 30ಕ್ಕೆ ಫ್ಯೂಸಿನಿಂದ ಬರುವ ವೈರು, 87ಕ್ಕೆ ದೀಪ, 85 ಮತ್ತು 86 ಕಾಯಿಲಿನ ಎರಡು ತುದಿಗಳು. ಇದೊಂದು ಹೆಚ್ಚುವರಿ ಡಬ್ಬಿಯಂತೆ ಕಂಡರೂ ನಿಮ್ಮ ಹಳೆಯ ಸ್ವಿಚ್ಚಿನ ಆಯುಷ್ಯವನ್ನು ಹೆಚ್ಚಿಸುತ್ತದೆ.

ಎರಡು ಸಿಲಿಂಡರ್

ಸೈಡ್ ಸ್ಟ್ಯಾಂಡ್ ಸ್ವಿಚ್ಚಿನ ಪ್ರಶ್ನೆಯನ್ನು ಎಲ್ಲರೂ ದಾಟಿಕೊಂಡು ಹೋದಿರಿ. ಸ್ಟ್ಯಾಂಡು ಕೆಳಗಿರುವಾಗಲೇ ಹೊರಟರೆ ಎಡಗಡೆಯ ಮೊದಲ ತಿರುವಿನಲ್ಲೇ ಅದು ನೆಲಕ್ಕೆ ತಾಗಿ ಹಿಂದಿನ ಚಕ್ರವನ್ನು ಎತ್ತಿಬಿಡಬಹುದು. ಆ ಸ್ವಿಚ್ಚನ್ನು ಕೊಟ್ಟಿರುವುದು ಇದನ್ನು ತಡೆಯಲು. ಅದಕ್ಕೆ ಎರಡು ವೈರು ಬೇಕು, ಅಷ್ಟೇ. ಎರಡು ವೈರು ಉಳಿಸಲು ಇಂಥ ರಕ್ಷಣೆಯನ್ನು ಕಳೆದುಕೊಳ್ಳುವುದನ್ನು ನಾನು ಯಾರಿಗೂ ಹೇಳಲಾರೆ.

ಅಲ್ಲಿರುವ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಣ್ಣ ಡಯೋಡಿನ ಬಗ್ಗೆಯೂ ಎಚ್ಚರವಿರಲಿ. ಹಲವು ಬೈಕುಗಳಲ್ಲಿ ಸೆಲ್ಫ್ ರಿಲೇಯ ಕಾಯಿಲಿಗೆ ಅರ್ತ್ (ಕರೆಂಟು ಬ್ಯಾಟರಿಯ ನೆಗೆಟಿವ್‌ಗೆ ಮರಳುವ ಸಂಪರ್ಕ) ಎರಡು ದಾರಿಗಳಲ್ಲಿ ಸಿಗುತ್ತದೆ: ಗೇರು ನ್ಯೂಟ್ರಲ್‌ನಲ್ಲಿದ್ದರೆ ನ್ಯೂಟ್ರಲ್ ಸ್ವಿಚ್ಚಿನ ಮೂಲಕ, ಗೇರಿನಲ್ಲಿದ್ದರೆ ಕ್ಲಚ್ ಮತ್ತು ಸೈಡ್ ಸ್ಟ್ಯಾಂಡ್ ಸ್ವಿಚ್ಚುಗಳ ಮೂಲಕ. ಈ ಎರಡು ದಾರಿಗಳು ಒಂದಕ್ಕೊಂದು ಬೆರೆಯದಂತೆ ನಡುವೆ ಡಯೋಡ್ ನಿಂತಿರುತ್ತದೆ. ನನ್ನ ಬಳಿಗೆ ಬಂದ ಒಂದು ಬೈಕಿನಲ್ಲಿ ಆ ಡಯೋಡನ್ನು ಯಾವುದೋ ಬೇಡದ ಗುಬುಟು ಎಂದುಕೊಂಡು ಕಿತ್ತು, ಎರಡು ವೈರುಗಳನ್ನು ನೇರವಾಗಿ ಸೇರಿಸಿದ್ದರು. ಸೆಲ್ಫ್ ಚೆನ್ನಾಗಿಯೇ ಹೊಡೆಯುತ್ತಿತ್ತು. ಆದರೆ ಗೇರಿನಲ್ಲಿದ್ದಾಗ ಕ್ಲಚ್ ಹಿಡಿದರೆ ಸಾಕು, ಮೀಟರಿನಲ್ಲಿ ಹಸಿರು ನ್ಯೂಟ್ರಲ್ ದೀಪ ಬೆಳಗುತ್ತಿತ್ತು. ಅದನ್ನು ನಂಬಿ ಸಿಗ್ನಲ್ಲಿನಲ್ಲಿ ಕ್ಲಚ್ ಬಿಟ್ಟವರ ಬೈಕು ಎಲ್ಲಿಗೆ ನುಗ್ಗುತ್ತದೆ ಎಂಬುದನ್ನು ಯೋಚಿಸಿ ನೋಡಿ.

ನಿಧಾನ ಸವಾರ

ಡಯೋಡಿನ ವಿಷಯ ನನಗೆ ಗೊತ್ತಿರಲಿಲ್ಲ, ತಿಳಿಸಿದ್ದಕ್ಕೆ ವಂದನೆಗಳು. ಆದರೂ ಸೈಡ್ ಸ್ಟ್ಯಾಂಡ್ ಸ್ವಿಚ್ಚು ಕೆಸರು ಕುಡಿದು ಕೈಕೊಟ್ಟರೆ ಓಡುತ್ತಿರುವ ಎಂಜಿನ್ನೇ ನಿಲ್ಲುತ್ತದೆ, ಅದೂ ಅಪಾಯವಲ್ಲವೇ?

ಎರಡು ಸಿಲಿಂಡರ್

ಅಪಾಯವೇ. ಅದಕ್ಕೆ ಪರಿಹಾರ ಹೊಸ ಸ್ವಿಚ್ ಮತ್ತು ನೀರು ಒಳಹೋಗದ ಕಪ್ಲರ್. ಸ್ಟ್ಯಾಂಡು ತಾನಾಗಿಯೇ ಮೇಲಕ್ಕೆ ಮಡಚಿಕೊಳ್ಳುವ ಸ್ಪ್ರಿಂಗಿನ ವ್ಯವಸ್ಥೆ ಇದ್ದರೆ ಆಗ ಬೇರೆ ಮಾತಾಡೋಣ. ಹಾಗೆಯೇ ಎಂಜಿನ್ ನಿಲ್ಲಿಸುವ, ಹ್ಯಾಂಡಲ್ಲಿನ ಕಿಲ್ ಸ್ವಿಚ್ಚನ್ನೂ ಉಳಿಸಿಕೊಳ್ಳಿ. ಬೈಕು ಮಗುಚಿ ಎಂಜಿನ್ ಕೂಗುತ್ತಿರುವಾಗ ಕೀ ಹುಡುಕಲು ಯಾರಿಗೂ ಸಮಯ ಇರುವುದಿಲ್ಲ.

ಮಲ್ಟಿಮೀಟರ್ ಮಿತ್ರ

ವೈರಿನ ಬಣ್ಣದ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಕಪ್ಪು ಎಂದರೆ ಅರ್ತ್ ಎಂದು ಕಣ್ಣುಮುಚ್ಚಿ ನಂಬಬೇಡಿ. ಯಮಹಾ ಬೈಕುಗಳಲ್ಲಿ ಕಪ್ಪು ವೈರು ಅರ್ತ್ ಆದರೆ, ಹೋಂಡಾದಲ್ಲಿ ಅರ್ತ್ ಹಸಿರು, ಅಲ್ಲಿ ಕಪ್ಪು ವೈರು ಕೀ ತಿರುಗಿಸಿದಾಗ ಬರುವ 12 ವೋಲ್ಟಿನದು. ಸುಜುಕಿಯಲ್ಲಿ ಅರ್ತಿಗೆ ಕಪ್ಪಿನ ಮೇಲೆ ಬಿಳಿ ಗೆರೆ, ಕವಾಸಕಿಯಲ್ಲಿ ಕಪ್ಪಿನ ಮೇಲೆ ಹಳದಿ ಗೆರೆ. ಒಂದು ಕಂಪನಿಯ ಬೈಕಿಗೆ ಇನ್ನೊಂದರ ಹ್ಯಾಂಡಲ್ ಸ್ವಿಚ್ ಹಾಕುವವರು ಇಲ್ಲಿ ಎಡವುತ್ತಾರೆ. ನೀವು ಹೊಸದಾಗಿ ಎಳೆಯುವಾಗ ನಿಮ್ಮದೇ ಬಣ್ಣದ ಕ್ರಮ ಇಟ್ಟುಕೊಳ್ಳಿ. ಆದರೆ ಅದನ್ನು ನಕ್ಷೆಯಲ್ಲಿ ಬರೆದು ಬೈಕಿನ ಜೊತೆಯಲ್ಲೇ ಇಡಿ, ಮುಂದೆ ಅದನ್ನು ರಿಪೇರಿ ಮಾಡುವವರು ನೀವೇ ಆಗಿರಬೇಕೆಂದಿಲ್ಲ.

ಇನ್ನು ಅರ್ತ್. ಕಸ್ಟಮ್ ಬೈಕಿನಲ್ಲಿ ಚಾಸಿಗೆ ದಪ್ಪನೆಯ ಪೌಡರ್ ಕೋಟಿಂಗ್ ಮಾಡಿಸುತ್ತಾರೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಅರ್ತ್ ಬೋಲ್ಟ್ ಕೂರುವ ಜಾಗದಲ್ಲಿ ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ, ಬಿಗಿದ ಮೇಲೆ ತುಕ್ಕು ಹಿಡಿಯದಂತೆ ಗ್ರೀಸು ಸವರಬೇಕು. ಹೆಡ್‌ಲೈಟಿನ ಅರ್ತನ್ನು ಫೋರ್ಕಿಗೆ ಕೊಟ್ಟು ಕೈತೊಳೆದುಕೊಂಡರೆ ಆ ಕರೆಂಟು ಗ್ರೀಸು ತುಂಬಿದ ಸ್ಟೀರಿಂಗ್ ಬೇರಿಂಗ್ ದಾಟಿ ಬರಬೇಕಾಗುತ್ತದೆ. ಹ್ಯಾಂಡಲ್ ತಿರುಗಿಸಿದಾಗಲೆಲ್ಲ ದೀಪ ಮಿನುಗುತ್ತದೆ. ಹೆಡ್‌ಲೈಟಿನಿಂದ ಬ್ಯಾಟರಿಯ ನೆಗೆಟಿವ್‌ವರೆಗೆ ಒಂದು ಪ್ರತ್ಯೇಕ ವೈರು ಎಳೆಯಿರಿ. ಅದೇ ರೀತಿ ಬ್ಯಾಟರಿಯಿಂದ ನೇರವಾಗಿ ಎಂಜಿನ್ನಿಗೆ ದಪ್ಪ ಕೇಬಲ್ ಇರಲಿ, ಸೆಲ್ಫ್ ಮೋಟಾರಿನ ಅಷ್ಟೂ ಕರೆಂಟು ವಾಪಸಾಗುವುದು ಅದರಲ್ಲೇ.

ಬೆಸುಗೆಗಾರ್ತಿ

ಜೋಡಣೆಗಳ ಬಗ್ಗೆ ಇಷ್ಟು ಚರ್ಚೆ ನಡೆದರೂ ಜೋಡಿಸುವುದು ಹೇಗೆಂದು ಯಾರೂ ಹೇಳಿಲ್ಲ. ನನ್ನ ಮಟ್ಟಿಗೆ ಬೆಸುಗೆಯೇ ನಂಬಿಕೆಯದು. ಅದರ ಮೇಲೆ ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿದರೆ ನೀರು ಸುಳಿಯುವುದಿಲ್ಲ.

ಹಳೆಯ ಗ್ಯಾರೇಜು

ಮೇಡಂ, ಸ್ಲೀವಿನ ವಿಷಯದಲ್ಲಿ ನಿಮ್ಮ ಮಾತು ಸರಿ. ಬೆಸುಗೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಕಾಸಿದ ಸೀಸ ಎಳೆಗಳ ನಡುವೆ ಇನ್ಸುಲೇಷನ್ನಿನ ಒಳಗಿನವರೆಗೂ ಹರಿದು ವೈರನ್ನು ಕಡ್ಡಿಯಂತೆ ಬಿರುಸಾಗಿಸುತ್ತದೆ. ಬಿರುಸು ಮುಗಿದು ಮೆದು ಶುರುವಾಗುವ ಗೆರೆಯಲ್ಲೇ ಎಂಜಿನ್ನಿನ ಅದುರಿಗೆ ಎಳೆಗಳು ಒಂದೊಂದಾಗಿ ಮುರಿಯುತ್ತವೆ, ಹೊರಗಿನ ಪ್ಲಾಸ್ಟಿಕ್ ಹಾಗೇ ಇರುವುದರಿಂದ ಕಣ್ಣಿಗೆ ಕಾಣುವುದೂ ಇಲ್ಲ. ವಾಹನ ತಯಾರಕರು ಟರ್ಮಿನಲ್‌ಗಳನ್ನು (ವೈರಿನ ತುದಿಗೆ ಹಾಕುವ ಲೋಹದ ತುಂಡುಗಳನ್ನು) ಕ್ರಿಂಪ್ ಮಾಡುವುದು, ಅಂದರೆ ಒತ್ತಿ ಕೂರಿಸುವುದು, ಇದೇ ಕಾರಣಕ್ಕೆ. ಆ ಟರ್ಮಿನಲ್ಲಿಗೆ ಎರಡು ಜೊತೆ ರೆಕ್ಕೆಗಳಿರುತ್ತವೆ. ಒಂದು ಜೊತೆ ತಾಮ್ರವನ್ನು ಕಚ್ಚುತ್ತದೆ, ಇನ್ನೊಂದು ಇನ್ಸುಲೇಷನ್ನನ್ನು ಹಿಡಿದು ಅದುರು ತಾಮ್ರಕ್ಕೆ ತಲುಪದಂತೆ ನೋಡಿಕೊಳ್ಳುತ್ತದೆ.

ಬೆಸುಗೆಗಾರ್ತಿ

ಕಟಿಂಗ್ ಪ್ಲೇಯರಿನಲ್ಲಿ ಒತ್ತಿದ ಕ್ರಿಂಪು ಕೈಯಿಂದ ಎಳೆದರೆ ಕಳಚಿ ಬರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದಕ್ಕಿಂತ, ಎರಡೂ ಬದಿಯಲ್ಲಿ ಅಲುಗಾಡದಂತೆ ಕಟ್ಟಿದ ಬೆಸುಗೆ ಲೇಸು.

ಹಳೆಯ ಗ್ಯಾರೇಜು

ಪ್ಲೇಯರಿನ ಕ್ರಿಂಪಿನ ಬಗ್ಗೆ ನಿಮ್ಮ ಮಾತನ್ನು ಒಪ್ಪುತ್ತೇನೆ. ಟರ್ಮಿನಲ್ಲಿಗೂ ವೈರಿಗೂ ಹೊಂದುವ ದವಡೆಯಿರುವ, ಪೂರ್ತಿ ಒತ್ತುವವರೆಗೆ ಬಿಡದ ರ‍್ಯಾಚೆಟ್ ಕ್ರಿಂಪರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಒತ್ತಿದ ಪ್ರತಿಯೊಂದನ್ನೂ ಗಟ್ಟಿಯಾಗಿ ಎಳೆದು ನೋಡಬೇಕು. ವೈರನ್ನು ಕತ್ತರಿಸದೆ ಚುಚ್ಚಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಮಾತ್ರ ಬೈಕಿನ ಹತ್ತಿರ ತರಬೇಡಿ, ಅವು ಎಳೆಗಳನ್ನು ಕೊಯ್ಯುತ್ತವೆ ಮತ್ತು ನೀರಿಗೆ ಬಾಗಿಲು ತೆರೆಯುತ್ತವೆ. ಮನೆಯ ವೈರಿಂಗಿನ ವೈರೂ ಬೇಡ, ದಪ್ಪ ಎಳೆಗಳ ಆ ವೈರು ಅದುರು ತಾಳುವುದಿಲ್ಲ. ವಾಹನಗಳಿಗೆಂದೇ ಮಾಡಿದ, 105 ಡಿಗ್ರಿ ಶಾಖ ತಡೆಯುವ ಸಣ್ಣ ಎಳೆಗಳ ವೈರು ತನ್ನಿ.

ಕಬ್ಬಿಣದ ಕುದುರೆ

ಎಲ್ಲರ ಮಾತುಗಳನ್ನು ಬರೆದಿಟ್ಟುಕೊಂಡು ನಕ್ಷೆ ಬದಲಾಯಿಸಿದ್ದೇನೆ. ಬ್ಯಾಟರಿ, ಡಯೋಡ್, ಮೂರೂ ಸ್ವಿಚ್ಚುಗಳು ಉಳಿದಿವೆ. ಈಗ ಎರಡು ಸಂದೇಹಗಳು. ಎಲ್‌ಇಡಿ ಇಂಡಿಕೇಟರ್ ಹಾಕಿದರೆ ಹಳೆಯ ಫ್ಲಾಷರ್ ಕೆಲಸ ಮಾಡುತ್ತದೆಯೇ? ಫ್ಯೂಸ್ ಮತ್ತು ರಿಲೇಗಳ ಬದಲು ಎಲ್ಲವನ್ನೂ ಒಂದೇ ಎಲೆಕ್ಟ್ರಾನಿಕ್ ಡಬ್ಬಿಯಲ್ಲಿ ನಿಭಾಯಿಸುವ ಮೋಟೋಗ್ಯಾಜೆಟ್ ಎಂ-ಯೂನಿಟ್‌ನಂಥದ್ದು ನನ್ನ ಬೈಕಿಗೆ ಸೂಕ್ತವೇ?

ರಾತ್ರಿ ಪಯಣಿಗ

ಹಳೆಯ ಫ್ಲಾಷರ್ ಬಲ್ಬಿನ ಹೊರೆಯನ್ನು ನಂಬಿ ಮಿಟುಕುವಂಥದ್ದು. ಎಲ್‌ಇಡಿ ಎಳೆಯುವುದು ತೀರಾ ಕಡಿಮೆಯಾದ್ದರಿಂದ ಅದು ಮಿಟುಕದೇ ಇರಬಹುದು ಅಥವಾ ವಿಪರೀತ ವೇಗದಲ್ಲಿ ಮಿಟುಕಬಹುದು. ಹೊರೆಯನ್ನು ಅವಲಂಬಿಸದ ಎಲೆಕ್ಟ್ರಾನಿಕ್ ಫ್ಲಾಷರ್ ಹಾಕಿ. ಮೀಟರಿನಲ್ಲಿ ಎರಡೂ ಬದಿಗೆ ಒಂದೇ ಸೂಚಕ ದೀಪ ಇದ್ದರೆ ಎಡದ ಕರೆಂಟು ಆ ದೀಪದ ಮೂಲಕ ನುಸುಳಿ ಬಲಗಡೆಯ ಎಲ್‌ಇಡಿಯನ್ನೂ ಬೆಳಗಿಸುತ್ತದೆ, ಆಗ ನಾಲ್ಕೂ ಒಟ್ಟಿಗೆ ಮಿಟುಕುತ್ತವೆ. ಸೂಚಕ ದೀಪಕ್ಕೆ ಎಡದಿಂದ ಒಂದು, ಬಲದಿಂದ ಒಂದು ಡಯೋಡ್ ಕೊಟ್ಟು, ದೀಪದ ಇನ್ನೊಂದು ತುದಿಯನ್ನು ಅರ್ತಿಗೆ ಸೇರಿಸಿದರೆ ಸರಿಹೋಗುತ್ತದೆ.

ತಾಮ್ರತಂತಿ

ಎಲೆಕ್ಟ್ರಾನಿಕ್ ಡಬ್ಬಿ ಒಳ್ಳೆಯ ವಸ್ತುವೇ. ಶಾರ್ಟ್ ಆದ ಸರ್ಕಿಟ್ಟನ್ನು ಅದು ತಾನೇ ಕಡಿದು ಉಳಿದದ್ದನ್ನು ನಡೆಸುತ್ತದೆ, ಹ್ಯಾಂಡಲ್ಲಿನಿಂದ ಸಣ್ಣ ವೈರುಗಳು ಬಂದರೆ ಸಾಕಾಗುತ್ತದೆ. ಆದರೂ ಬ್ಯಾಟರಿಯ ಪಕ್ಕದ ಮುಖ್ಯ ಫ್ಯೂಸ್ ಬೇಕೇ ಬೇಕು. ನಿಮ್ಮ ಬೈಕಿಗೆ ನಾನು ಅದನ್ನು ಸೂಚಿಸುವುದಿಲ್ಲ. ದಾರಿಯಲ್ಲಿ ಫ್ಯೂಸ್ ಹೋದರೆ ಯಾವ ಊರಿನಲ್ಲಾದರೂ ಸಿಗುತ್ತದೆ, ರಿಲೇಯೂ ಸಿಗುತ್ತದೆ. ಆ ಡಬ್ಬಿ ಕೆಟ್ಟರೆ ಬೈಕು ಅಲ್ಲೇ ನಿಲ್ಲುತ್ತದೆ.

ನಿಧಾನ ಸವಾರ

ಡಬ್ಬಿಯ ವಿಷಯದಲ್ಲಿ ತಾಮ್ರತಂತಿಯವರ ಜೊತೆ ನನಗೆ ಜಗಳವಿಲ್ಲ. ವೈರು ಹಾಯುವ ದಾರಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಸ್ನೇಹಿತರೊಬ್ಬರ ಬೈಕು ಹ್ಯಾಂಡಲ್ಲನ್ನು ಬಲಕ್ಕೆ ಪೂರ್ತಿ ತಿರುಗಿಸಿದಾಗ ಮಾತ್ರ ಬಂದ್ ಆಗುತ್ತಿತ್ತು. ಟ್ಯಾಂಕು ಎತ್ತಿ ನೋಡಿದರೆ, ಸ್ಟೀರಿಂಗ್ ತಲೆಯ ಪಕ್ಕದಲ್ಲಿ ವೈರಿನ ಕಟ್ಟು ಟ್ಯಾಂಕಿನ ಅಂಚಿಗೆ ಉಜ್ಜಿ, ಒಂದು ವೈರಿನ ಪ್ಲಾಸ್ಟಿಕ್ ಅರ್ಧಚಂದ್ರದ ಆಕಾರದಲ್ಲಿ ಸವೆದು, ತಾಮ್ರ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕಟ್ಟನ್ನು ಬಿಗಿಯುವ ಮೊದಲು ಹ್ಯಾಂಡಲ್ಲನ್ನು ಎರಡೂ ಕೊನೆಗಳಿಗೆ ತಿರುಗಿಸಿ, ವೈರು ಎಲ್ಲಿಯೂ ಸೆಟೆಯದಂತೆ, ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ಚಾಸಿಯಲ್ಲಿ ತೂತು ಕೊರೆದು ವೈರು ಹಾಯಿಸುವುದಾದರೆ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಹಾಕುವ ಬಳೆ) ಇಲ್ಲದೆ ಹಾಯಿಸಬೇಡಿ.

ಮಲ್ಟಿಮೀಟರ್ ಮಿತ್ರ

ಮೊದಲ ಸಲ ಬ್ಯಾಟರಿ ಕೊಡುವಾಗ ಮುಖ್ಯ ಫ್ಯೂಸಿನ ಜಾಗದಲ್ಲಿ ಫ್ಯೂಸ್ ಹಾಕಬೇಡಿ, 21 ವ್ಯಾಟಿನ ಬ್ರೇಕ್ ಬಲ್ಬೊಂದನ್ನು ಎರಡು ವೈರಿನಲ್ಲಿ ಸಿಕ್ಕಿಸಿ. ಎಲ್ಲೋ ಶಾರ್ಟ್ ಇದ್ದರೆ ಆ ಬಲ್ಬು ಪೂರ್ತಿ ಪ್ರಕಾಶದಲ್ಲಿ ಉರಿಯುತ್ತದೆ, ಎರಡು ಆಂಪಿಯರಿಗಿಂತ ಹೆಚ್ಚು ಹರಿಯಲು ಬಿಡದ ಕಾರಣ ವೈರು ಸುಡುವುದಿಲ್ಲ. ಕೀ ಬಂದ್ ಇರುವಾಗ ಬಲ್ಬು ಉರಿಯಲೇಬಾರದು. ಕೀ ತಿರುಗಿಸಿ ಒಂದೊಂದೇ ಸರ್ಕಿಟ್ ಕೊಡುತ್ತಾ ಹೋದಂತೆ ಅದು ಹೊರೆಗೆ ತಕ್ಕಂತೆ ಹೊಳೆಯುತ್ತದೆ. ಹೆಡ್‌ಲೈಟ್ ಹಾಕಿದಾಗ ಬಲ್ಬು ಜೋರಾಗಿ ಬೆಳಗುವುದು ಸಹಜ, ಗಾಬರಿ ಬೇಡ. ಆ ಬಲ್ಬು ಇರುವಾಗ ಸೆಲ್ಫ್ ಬಟನ್ ಮಾತ್ರ ಒತ್ತಬೇಡಿ: ಸೆಲ್ಫಿನ ದಪ್ಪ ಕೇಬಲ್ ಫ್ಯೂಸಿನ ಮೂಲಕ ಹಾಯುವುದಿಲ್ಲ, ಅದಕ್ಕೆ ಈ ಬಲ್ಬಿನ ರಕ್ಷಣೆ ಇರುವುದಿಲ್ಲ.

ಎಲ್ಲವೂ ಸರಿಯೆನಿಸಿದ ಮೇಲೆ ಫ್ಯೂಸ್ ಹಾಕಿ, ಹೆಡ್‌ಲೈಟ್ ಉರಿಯುತ್ತಿರುವಾಗಲೇ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್‌ಗೂ ಇನ್ನೊಂದನ್ನು ಬಲ್ಬಿನ ಪಾಸಿಟಿವ್ ಪಿನ್ನಿಗೂ ಇಟ್ಟು ನೋಡಿ. ಒಂದು ಚದರ ಮಿಲಿಮೀಟರಿನ ಎರಡು ಮೀಟರ್ ತಾಮ್ರದಲ್ಲಿ ಐದು ಆಂಪಿಯರಿಗೆ ಸೋರುವುದು 0.2 ವೋಲ್ಟಿಗಿಂತ ಕಡಿಮೆ. ಅರ್ಧ ವೋಲ್ಟ್ ದಾಟಿದರೆ ಯಾವುದೋ ಜೋಡಣೆ ಸರಿಯಿಲ್ಲ. ಸಂಪರ್ಕ ಪರೀಕ್ಷಿಸುವಾಗ ಮಲ್ಟಿಮೀಟರಿನಿಂದ ಬೀಪ್ ಶಬ್ದ ಬಂತೆಂದು ನಂಬಬೇಡಿ, ಒಂದೇ ಎಳೆ ಉಳಿದ ವೈರೂ ಬೀಪ್ ಎನ್ನುತ್ತದೆ.

ಕಬ್ಬಿಣದ ಕುದುರೆ

ಬಲ್ಬಿನ ಉಪಾಯ ಕೆಲಸಕ್ಕೆ ಬಂತು. ಕೀ ಬಂದ್ ಇದ್ದರೂ ಬಲ್ಬು ಉರಿಯಿತು. ಹುಡುಕಿದಾಗ ಹಿಂದಿನ ಬ್ರೇಕ್ ಸ್ವಿಚ್ಚಿನ ವೈರು ಚಾಸಿಯ ಬ್ರ್ಯಾಕೆಟ್ಟಿಗೂ ಬೋಲ್ಟಿಗೂ ನಡುವೆ ಸಿಕ್ಕಿ ಒತ್ತಿಕೊಂಡಿತ್ತು. ಈಗ ಎಲ್ಲ ದೀಪಗಳೂ ಸರಿಯಿವೆ. ಉಳಿದದ್ದು ಚಾರ್ಜಿಂಗ್ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್. ಅದರ ಪಾಸಿಟಿವ್ ವೈರು ಮೊದಲು ಮುಖ್ಯ ಫ್ಯೂಸಿನ ಆಚೆ, ವೈರಿಂಗಿನ ಕಡೆಗೆ ಸೇರಿತ್ತು. ಹಾಗೆಯೇ ಬಿಡಲೇ?

ಹಳೆಯ ಗ್ಯಾರೇಜು

ಅಲ್ಲಿಂದ ಬಿಡಿಸಿ, ಅದಕ್ಕೇ ಒಂದು ಫ್ಯೂಸ್ ಕೊಟ್ಟು ನೇರವಾಗಿ ಬ್ಯಾಟರಿಗೆ ಸೇರಿಸಿ. ಈಗಿರುವಂತೆ ಬಿಟ್ಟರೆ, ಎಂಜಿನ್ ಓಡುವಾಗ ಮುಖ್ಯ ಫ್ಯೂಸ್ ಹೋದರೂ ರೆಗ್ಯುಲೇಟರ್ ವೈರಿಂಗಿಗೆ ಕರೆಂಟು ತಳ್ಳುತ್ತಲೇ ಇರುತ್ತದೆ. ಏರಿಳಿತವನ್ನು ಹೀರಿಕೊಳ್ಳುವ ಬ್ಯಾಟರಿ ಆ ಹೊತ್ತಿಗೆ ಸಂಪರ್ಕದಲ್ಲಿ ಇಲ್ಲದ ಕಾರಣ ವೋಲ್ಟೇಜ್ ಎಗರಿ ಬಲ್ಬು ಮತ್ತು ಇಗ್ನಿಷನ್ ಡಬ್ಬಿಗಳು ಸುಡಬಹುದು. ಆಲ್ಟರ್ನೇಟರ್ 200 ವ್ಯಾಟಿನದಾದರೆ 14 ಆಂಪಿಯರಿನಷ್ಟು ಬರುತ್ತದೆ, 20ರ ಫ್ಯೂಸ್ ಹೊಂದುತ್ತದೆ. ಆ ಫ್ಯೂಸನ್ನೂ ಬ್ಯಾಟರಿಯ ಪಕ್ಕದಲ್ಲೇ ಇಡಿ.

ಮಲ್ಟಿಮೀಟರ್ ಮಿತ್ರ

ಆಲ್ಟರ್ನೇಟರಿನಲ್ಲಿ ಕರೆಂಟು ಹುಟ್ಟುವ ಸುರುಳಿಗಳಾದ ಸ್ಟೇಟರಿನಿಂದ ಬರುವ ಮೂರು ವೈರುಗಳ ಕಪ್ಲರನ್ನೂ ನೋಡಿಕೊಳ್ಳಿ. ಬಿಳಿಯ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಕಂದು ಬಣ್ಣಕ್ಕೆ ತಿರುಗಿದ್ದರೆ, ಅಥವಾ ಮೂರರಲ್ಲಿ ಒಂದು ವೈರು ಬಗ್ಗಿಸಿದಾಗ ಗರಿಗರಿ ಎನ್ನುವಷ್ಟು ಬಿರುಸಾಗಿದ್ದರೆ ಆ ಪಿನ್ನು ಆಗಲೇ ವಿಪರೀತ ಬಿಸಿಯಾಗುತ್ತಿದೆ ಎಂದರ್ಥ. ಹಳೆಯ ಕಪ್ಲರನ್ನು ಉಳಿಸಿಕೊಳ್ಳುವ ಲೋಭ ಬೇಡ, ಪಿನ್ನುಗಳ ಸಮೇತ ಬದಲಾಯಿಸಿ. ಎಂಜಿನ್ ಶುರುಮಾಡಿ ವೇಗ ಏರಿಸಿದಾಗ ಬ್ಯಾಟರಿಯ ಮೇಲೆ 13.5ರಿಂದ 14.5 ವೋಲ್ಟ್ ಇರಬೇಕು. 15 ದಾಟಿದರೆ ಕೂಡಲೇ ಬಂದ್ ಮಾಡಿ, ರೆಗ್ಯುಲೇಟರನ್ನೂ ಅದರ ಅರ್ತನ್ನೂ ಪರೀಕ್ಷಿಸಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತುದಿ ಕಳಚಿ ನೋಡುವ ಹಳೆಯ ಪದ್ಧತಿಯನ್ನು ಮಾತ್ರ ಅನುಸರಿಸಬೇಡಿ.

ಕಬ್ಬಿಣದ ಕುದುರೆ

ಕಪ್ಲರಿನ ಮೂಲೆ ನೀವು ಹೇಳಿದಂತೆಯೇ ಕಂದಾಗಿದೆ. ಹೊಸದನ್ನು ಹಾಕಿದ ಮೇಲೆಯೇ ಎಂಜಿನ್ ಶುರುಮಾಡುತ್ತೇನೆ, ವೋಲ್ಟೇಜ್ ಎಷ್ಟು ಬಂತೆಂದು ಇಲ್ಲಿಯೇ ಬರೆಯುತ್ತೇನೆ.